ಬೆಣ್ಣೆ ದೋಸೆಯ ನಾಲಿಗೆಗೆ ಡುರಿಯನ್

ವಿದೇಶಕ್ಕೆ ಹೋದವರು ಇಂಡಿಯನ್ ಹೋಟೆಲ್ ಹುಡುಕಬಾರದು, ಅಲ್ಲಿಯ ಜನ ತಿನ್ನೋದನ್ನೇ ತಿನ್ನಬೇಕು ಅಂತ ಕೆಲವರು ಹೇಳುತ್ತಾರೆ. ಅರ್ಧ ಒಪ್ಪುತ್ತೇನೆ. ನಾನು ದಾವಣಗೆರೆಯವನು, ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ತಿಂದು ಬೆಳೆದವನು. ಮೊಟ್ಟೆ ಕೂಡ ಮುಟ್ಟುವುದಿಲ್ಲ. ಹೋದ ವರ್ಷ ಮಗನ ಜೊತೆ ಬ್ಯಾಂಕಾಕ್, ಸಿಂಗಪುರ ನೋಡಿ ಬಂದೆ.

ಬ್ಯಾಂಕಾಕ್ ಬೀದಿಯಲ್ಲಿ ಒಬ್ಬಾಕೆ ಪಪ್ಪಾಯಿ ಕಾಯಿಯ ತುರಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಶೇಂಗಾ ಎಲ್ಲ ಒರಳಿಗೆ ಹಾಕಿ ಕುಟ್ಟುತ್ತಿದ್ದಳು. ಸೋಮ್ ತಮ್ ಅಂತ ಹೆಸರು. ನಮ್ಮ ಕೋಸಂಬರಿಯ ತಂಗಿ ಅನ್ನಿಸಿ ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಮಗ ಕೈ ಹಿಡಿದ. ಅದಕ್ಕೆ ಮೀನಿನ ಸಾಸ್, ಒಣ ಸೀಗಡಿ ಬೀಳುತ್ತದೆ! ನೋಡಲು ಬರೀ ತರಕಾರಿ, ಒಳಗೆ ಬೇರೆಯೇ ಕಥೆ.

ನನ್ನಂಥವರಿಗೆ ಒಂದು ಗುರುತು ಹೇಳುತ್ತೇನೆ. ಬ್ಯಾಂಕಾಕ್‌ನ ಕೆಲವು ತಿಂಡಿ ಅಂಗಡಿಗಳಲ್ಲಿ ಹಳದಿ ಬಟ್ಟೆ ಅಥವಾ ಬೋರ್ಡ್ ಮೇಲೆ ಕೆಂಪು ಅಕ್ಷರದಲ್ಲಿ 'ಜೇ' ಅಂತ ಥಾಯ್ ಭಾಷೆಯಲ್ಲಿ ಬರೆದಿರುತ್ತಾರೆ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ. ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ನಮ್ಮ ಮಡಿಗಿಂತ ಜಾಸ್ತಿ ಅಲ್ವಾ?

ಸಿಂಗಪುರದಲ್ಲಿ ಡುರಿಯನ್ ಹಣ್ಣು ತಿಂದೆ. ಮೆಟ್ರೋ ಒಳಗೆ ಅದನ್ನು ಒಯ್ಯುವಂತಿಲ್ಲ, ವಾಸನೆ ಹಾಗಿದೆ. ಕೊಳೆತ ಈರುಳ್ಳಿ ಮೂಟೆ ಪಕ್ಕ ನಿಂತ ಹಾಗೆ. ಮೂಗು ಮುಚ್ಚಿ ಬಾಯಿಗಿಟ್ಟರೆ, ಹಲಸಿನ ತೊಳೆಗೆ ಬೆಣ್ಣೆ ಕಲಸಿದ ರುಚಿ. ಬೆಣ್ಣೆ ಅಂದ ಮೇಲೆ ದಾವಣಗೆರೆಯವನು ಬಿಡ್ತಾನಾ? ಇನ್ನೊಂದು ತೊಳೆಯನ್ನೂ ಮುಗಿಸಿದೆ. ಮಗ ಮಾತ್ರ ಆ ರಾತ್ರಿ ಕಿಟಕಿ ಪಕ್ಕದ ಮಂಚಕ್ಕೆ ಹೋಗಿ ಮಲಗಿದ.