ಕುರ್ಲಾ ಬರುವುದರೊಳಗೆ ಕೋಚ್ ಮನೆಗೆ

ಸೋಮವಾರ ಬೆಳಿಗ್ಗೆ ಡೊಂಬಿವಲಿಯಿಂದ ಮುಂಬಯಿ ಕಡೆ ಹೊರಡುವ ಫಾಸ್ಟ್ ಲೋಕಲ್ ರೈಲಿನಲ್ಲಿ ಕೋಚ್‌ಗಳಿಗೆ ಉಳಿಗಾಲವಿಲ್ಲ. ರೈಲಿನ ಕೋಚ್‌ಗೆ ಏನೂ ಆಗುವುದಿಲ್ಲ ಬಿಡಿ, ಎಷ್ಟು ಜನ ನೇತಾಡಿದರೂ ಅದು ತಡೆದುಕೊಳ್ಳುತ್ತದೆ. ನಾನು ಹೇಳುತ್ತಿರುವುದು ಫುಟ್‌ಬಾಲ್ ಕೋಚ್ ಬಗ್ಗೆ. ಭಾನುವಾರ ರಾತ್ರಿ ಇಂಗ್ಲೆಂಡಿನಲ್ಲಿ ಯಾರೋ ಸೋತಿರುತ್ತಾರೆ. ಸೋಮವಾರ ಠಾಣೆ ಬರುವ ಹೊತ್ತಿಗೆ ನಮ್ಮ ಡಬ್ಬಿಯಲ್ಲಿ ವಿಚಾರಣೆ ಮುಗಿದಿರುತ್ತದೆ. ಘಾಟ್ಕೋಪರ್‌ನಲ್ಲಿ ತೀರ್ಪು. ಕುರ್ಲಾದಲ್ಲಿ ಗಂಟುಮೂಟೆ.

ನಮ್ಮದು ನಾಲ್ಕು ಜನರ ಕನ್ನಡ ಗುಂಪು. ಮಾಟುಂಗಾದಲ್ಲಿ ಹೋಟೆಲ್ ಇಟ್ಟಿರುವ ಶೆಟ್ರು. ಹೋಟೆಲ್ ಹುಡುಗರಿಗೆ ರಾತ್ರಿ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದ ಧಾರವಾಡ ಕಡೆಯ ಮಾಸ್ತರು. ಅವರು ಈಗಲೂ ವಾರಕ್ಕೆ ಮೂರು ದಿನ ಇದೇ ಲೋಕಲ್ಲಿನಲ್ಲಿ ಫೋರ್ಟ್‌ಗೆ ಹೋಗಿಬರುತ್ತಾರೆ, ಯಾಕೆ ಎಂದು ಯಾರೂ ಕೇಳಿಲ್ಲ. ಆಮೇಲೆ ಸಾಫ್ಟ್‌ವೇರ್ ಕಂಪನಿಯ ಹುಡುಗ. ಕೊನೆಗೆ ನಾನು, ಮೂವರ ಸೀಟಿನ ತುದಿಗೆ ತುರುಕಿಕೊಳ್ಳುವ ಫೋರ್ತ್ ಸೀಟಿನಲ್ಲಿ ಅರ್ಧ ಮಾತ್ರ ಕೂತವನು. ಉಳಿದರ್ಧ ದಾದರ್‌ವರೆಗೂ ಗಾಳಿಯಲ್ಲೇ ಇರುತ್ತದೆ.

ಹುಡುಗನ ಕೈಯಲ್ಲಿ ಒಂದು ನಿಂಟೆಂಡೊ ಸ್ವಿಚ್, ವಿಡಿಯೊ ಗೇಮ್ ಆಡುವ ಯಂತ್ರ. ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. 2017ರಲ್ಲಿ ಇದು ಬಂದಾಗ, ಮನೆಯಲ್ಲಿ ಟಿವಿಗೆ ಸಿಕ್ಕಿಸಿ ಆಡಬಹುದು, ಹೊರಗೆ ಹೊರಟರೆ ಕೈಯಲ್ಲಿ ಹಿಡಿದುಕೊಂಡು ಆಡಬಹುದು ಎಂದು ಜಗತ್ತೆಲ್ಲ ಹೊಗಳಿತು. ಪೋರ್ಟಬಲ್ ಅಂದರೆ ಎತ್ತಿಕೊಂಡು ಹೋಗಬಹುದಾದದ್ದು, ಅಲ್ವಾ? ಡೊಂಬಿವಲಿ ಲೋಕಲ್ಲಿನಲ್ಲಿ ಎತ್ತಿಕೊಳ್ಳಲು ಏನೂ ತೊಂದರೆಯಿಲ್ಲ. ಇಳಿಸುವುದೇ ಕಷ್ಟ. ಒಮ್ಮೆ ಕೈ ಮೇಲೆ ಹೋದರೆ ಯಾರದೋ ಬ್ಯಾಗು, ಯಾರದೋ ಮೊಣಕೈ ಕೆಳಗೆ ಬಂದು ಕೂರುತ್ತದೆ. ಹಾಗಾಗಿ ಹುಡುಗ ಮುಖದ ಎದುರಿಗೇ ಹಿಡಿದು, ಆರತಿ ಎತ್ತಿದವನ ಹಾಗೆ ಆಡುತ್ತಾನೆ. ಸುತ್ತ ಹನ್ನೆರಡು ಜನ ಪ್ರೇಕ್ಷಕರು, ಟಿಕೆಟ್ ಇಲ್ಲದೆ. ರೈಲಿನ ಟಿಕೆಟ್ ಎಲ್ಲರ ಹತ್ತಿರವೂ ಇದೆ ಎಂದು ನಂಬಿಕೊಂಡಿದ್ದೇನೆ.

ಅವನು ಆಡುವುದು ಫುಟ್‌ಬಾಲ್ ಮ್ಯಾನೇಜರ್. ಇದರಲ್ಲಿ ಚೆಂಡು ಒದೆಯುವ ಕೆಲಸವೇ ಇಲ್ಲ. ಆಟಗಾರರನ್ನು ಕೊಳ್ಳಬೇಕು, ಮಾರಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಹೇಳಬೇಕು, ಮುನಿಸಿಕೊಂಡವನನ್ನು ಸಮಾಧಾನ ಮಾಡಬೇಕು. ಅಂದರೆ ಆಫೀಸಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಆಫೀಸು, ಅದೂ ಸಂಬಳವಿಲ್ಲದ್ದು. ಶೆಟ್ರು ಮೊದಲ ದಿನವೇ ಇಣುಕಿ ನೋಡಿ, "ಇದು ನಮ್ಮ ಹೋಟೆಲಿನ ಹಾಗೇ ಉಂಟಲ್ಲ ಮಾರಾಯ" ಎಂದಿದ್ದರು.

ಹುಡುಗ ಇದುವರೆಗೆ ಸತತ ಆರು ಸಲ ಲೀಗ್ ಗೆದ್ದಿದ್ದಾನೆ. ಗುಟ್ಟು ಏನೆಂದರೆ, ಪಂದ್ಯಕ್ಕೆ ಮುಂಚೆ ಸೇವ್ ಮಾಡಿಕೊಳ್ಳುತ್ತಾನೆ. ಸೋತರೆ ಆಫ್ ಮಾಡಿ ಅಲ್ಲಿಂದಲೇ ಮತ್ತೆ ಶುರು. ಒಂದೇ ಪಂದ್ಯವನ್ನು ಠಾಣೆಯಲ್ಲಿ ಸೋತು, ಮುಲುಂಡ್ ಹತ್ತಿರ ಡ್ರಾ ಮಾಡಿ, ವಿಕ್ರೋಲಿ ದಾಟುವಾಗ ಮೂರು ಗೋಲಿನಿಂದ ಗೆದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆಮೇಲೆ ತಲೆ ಎತ್ತಿ, ಮ್ಯಾಂಚೆಸ್ಟರ್‌ನ ಅಸಲಿ ಕೋಚ್ ಬಗ್ಗೆ ಹೇಳಿದ: "ಅಂಕಲ್, ಅವನ ಹತ್ರ ಪ್ಲಾನ್ ಬಿ ಇಲ್ಲ."

ಇವನ ಹತ್ತಿರ ಪ್ಲಾನ್ ಬಿ, ಸಿ, ಡಿ ಎಲ್ಲ ಇವೆ. ಎಲ್ಲದರ ಹೆಸರೂ ರೀಸ್ಟಾರ್ಟ್.

ಇವನೊಬ್ಬನನ್ನೇ ಯಾಕೆ ಅನ್ನಬೇಕು. ಡಬ್ಬಿಗೆ ಡಬ್ಬಿಯೇ ಹಾಗಿದೆ. ಬಾಗಿಲ ಬಳಿ ಒಂಟಿ ಕಾಲಲ್ಲಿ ನಿಂತವರು ಅಲ್ಲಿಂದಲೇ ಕೂಗುತ್ತಾರೆ, "ನಿಕಾಲೋ ಉಸ್ಕೋ!" ಕೆಳಗೆ ಬೀಳುವ ಅಪಾಯ ತಮಗೇ ಜಾಸ್ತಿ ಎನ್ನುವುದು ಅವರಿಗೆ ಹೊಳೆಯುವುದಿಲ್ಲ.

ಅಲೆಕ್ಸ್ ಫರ್ಗ್ಯುಸನ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕೋಚ್ ಆಗಿ ಬಂದದ್ದು 1986ರಲ್ಲಿ. ಮೊದಲ ಕಪ್ ಕೈಗೆ ಬಂದದ್ದು 1990ರಲ್ಲಿ. ನಡುವೆ 1989ರಲ್ಲಿ, ಮೂರು ವರ್ಷ ನೆಪ ಕೇಳಿದ್ದು ಸಾಕು, ಹೊರಡಪ್ಪಾ ಎನ್ನುವ ಬ್ಯಾನರನ್ನು ಅಭಿಮಾನಿಗಳೇ ಹಿಡಿದಿದ್ದರು. ಅವರು ಹೊರಡಲಿಲ್ಲ. 2013ರವರೆಗೆ ಇದ್ದು ಕಪಾಟು ತುಂಬಿಸಿದರು. ನಮ್ಮ ಡಬ್ಬಿಗೆ ಸಿಕ್ಕಿದ್ದರೆ ಫರ್ಗ್ಯುಸನ್ ಕುರ್ಲಾ ದಾಟುತ್ತಿರಲಿಲ್ಲ. ಲೆಸ್ಟರ್‌ನಂಥ ಊರಿಗೆ 2016ರಲ್ಲಿ ಲೀಗ್ ಗೆದ್ದುಕೊಟ್ಟ ಕೋಚ್ ರಾನಿಯೇರಿಯನ್ನು 2017ರ ಫೆಬ್ರವರಿಯಲ್ಲಿ ಮನೆಗೆ ಕಳಿಸಿದರು. 2025ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು ಪೋಸ್ಟೆಕೊಗ್ಲೂ ಎಂಬ ಕೋಚನ್ನು ಇಟ್ಟುಕೊಂಡದ್ದು 39 ದಿನ. ಪಾಪ, ಅವರು ಡೊಂಬಿವಲಿಯಲ್ಲಿದ್ದು ಮೂರು ತಿಂಗಳ ಪಾಸು ತೆಗೆದಿದ್ದರೆ ಎಷ್ಟು ಲುಕ್ಸಾನು!

ಇದೆಲ್ಲ ಇಂಗ್ಲೆಂಡಿನ ಮಾತಾಯಿತು. ಅವರ ದುಡ್ಡು, ಅವರ ಹುಚ್ಚು. ನಮ್ಮ ದೇಶದ ಕೋಚ್ ವಿಷಯಕ್ಕೆ ಬಂದರೆ ಆ ಫುಟ್‌ಬಾಲ್ ಮ್ಯಾನೇಜರ್ ಮಾಡುವ ಕಂಪನಿಯೇ ಕೈ ಮುಗಿಯಬೇಕು. ಇಷ್ಟು ಬಣ್ಣದ ಕತೆ ಯಾವ ಪ್ರೋಗ್ರಾಮರ್ ತಲೆಗೂ ಹೊಳೆಯುವುದಿಲ್ಲ.

ಮೊದಲು ಜಾತಕ. 2022ರಲ್ಲಿ ಏಷ್ಯನ್ ಕಪ್ ಅರ್ಹತಾ ಪಂದ್ಯಗಳು ನಡೆದಾಗ, ಆಗಿನ ಕೋಚ್ ಇಗೊರ್ ಸ್ಟಿಮಾಚ್ ಆಟಗಾರರ ಪಟ್ಟಿಯನ್ನು ಒಬ್ಬ ಜ್ಯೋತಿಷಿಗೆ ಕಳಿಸಿ, ಯಾರಿಗೆ ಗ್ರಹಬಲವಿದೆ ಎಂದು ಕೇಳುತ್ತಿದ್ದರು ಎಂದು 2023ರಲ್ಲಿ ಪತ್ರಿಕೆಯೊಂದು ವರದಿ ಮಾಡಿತು. ಕ್ರೊಯೇಷಿಯಾದಿಂದ ಬಂದ ಮನುಷ್ಯ ನಮ್ಮ ಸಂಸ್ಕೃತಿಗೆ ಎಷ್ಟು ಬೇಗ ಹೊಂದಿಕೊಂಡರು ನೋಡಿ! ತಮಾಷೆಯೆಂದರೆ ಆ ಮೂರೂ ಪಂದ್ಯ ಭಾರತ ಗೆದ್ದಿತು. ಆಮೇಲೆ 2024ರಲ್ಲಿ ವಿಶ್ವಕಪ್ ಅರ್ಹತೆಯ ಮುಂದಿನ ಸುತ್ತಿಗೆ ಹೋಗಲಿಲ್ಲವೆಂದು ಕೋಚನ್ನು ತೆಗೆದರು. ಜ್ಯೋತಿಷಿಯನ್ನು ಯಾರೂ ತೆಗೆದ ಹಾಗಿಲ್ಲ. ಶನಿಯನ್ನಂತೂ ಯಾರೂ ಕೇಳಲೇ ಇಲ್ಲ.

ಆಮೇಲೆ ಬಂದವರು ಸ್ಪೇನಿನ ಮನೋಲೊ ಮಾರ್ಕೆಸ್. ಅವರು ಎಫ್‌ಸಿ ಗೋವಾ ಎಂಬ ಕ್ಲಬ್ಬಿಗೂ ಕೋಚ್, ದೇಶಕ್ಕೂ ಕೋಚ್. ಹಗಲು ಒಂದು ಹೋಟೆಲು, ರಾತ್ರಿ ಇನ್ನೊಂದು. ಎಂಟು ಪಂದ್ಯದಲ್ಲಿ ಒಂದು ಗೆಲುವು, ಅದೂ ಮಾಲ್ಡೀವ್ಸ್ ಮೇಲೆ. 2025ರ ಜುಲೈನಲ್ಲಿ ಅವರೂ ಹೊರಟರು. ದೇಶದ ರ‍್ಯಾಂಕ್ ಜಗತ್ತಿನಲ್ಲಿ 133ಕ್ಕೆ ಇಳಿದಿತ್ತು.

ಆಗ ದೇಶದ ಫುಟ್‌ಬಾಲ್ ನಡೆಸುವ ಫೆಡರೇಶನ್ ಅರ್ಜಿ ಕರೆಯಿತು. 170 ಅರ್ಜಿ ಬಂದವು. ಅದರಲ್ಲಿ ಒಂದು ಬಾರ್ಸಿಲೋನಾದ ಮಾಜಿ ಕೋಚ್ ಚಾವಿಯದು ಎಂದು ಸುದ್ದಿ. ಬಹಳ ದುಬಾರಿಯಾಗುತ್ತದೆ ಎಂದು ಕೈಬಿಟ್ಟರಂತೆ ಎಂದೂ ಸುದ್ದಿ. ಅವತ್ತು ನಮ್ಮ ಡಬ್ಬಿಯಲ್ಲಿ ಹಬ್ಬ. ಚಾವಿ ಭಾರತಕ್ಕೆ ಬಂದರೆ ಯಾರನ್ನು ಎಲ್ಲಿ ಆಡಿಸಬೇಕು ಎಂದು ದಿವಾ ಬರುವುದರೊಳಗೇ ತೀರ್ಮಾನವಾಯಿತು. ಶೆಟ್ರಿಗೆ ಒಂದೇ ಚಿಂತೆ: "ಊಟ, ರೂಮು ನಾವು ಕೊಟ್ಟರೆ ಸಂಬಳದಲ್ಲಿ ಎಷ್ಟು ಕಡಿಮೆ ಮಾಡಿಯಾನು?"

ಎರಡು ದಿನದಲ್ಲಿ ಫೆಡರೇಶನ್ನೇ ಬಾಯಿಬಿಟ್ಟಿತು. ಚಾವಿ ಹೆಸರಲ್ಲಿ ಬಂದ ಇಮೇಲ್ ಅಸಲಿ ಅಲ್ಲವಂತೆ. ಇನ್ನೊಬ್ಬ ಹೆಸರಾಂತ ಕೋಚ್ ಪೆಪ್ ಗಾರ್ಡಿಯೊಲಾ ಹೆಸರಲ್ಲೂ ಒಂದು ಅರ್ಜಿ ಇತ್ತಂತೆ, ಅದೂ ಅಸಲಿ ಅಲ್ಲವಂತೆ. ಇದನ್ನು ಮತ್ತೊಮ್ಮೆ ಓದಿ. ಹಾಕದೇ ಇದ್ದ ಅರ್ಜಿಯನ್ನು ದುಬಾರಿ ಎಂದು ಕೈಬಿಟ್ಟ ಸುದ್ದಿ ಜಗತ್ತಿನಲ್ಲಿ ಇನ್ನೆಲ್ಲಾದರೂ ಹುಟ್ಟೀತೇ? ಮದುವೆಗೆ ಕೇಳದ ಹುಡುಗಿಯನ್ನು ನಾನೇ ಬೇಡ ಅಂದೆ ಎಂದು ತಿರುಗುವ ಸೋದರಮಾವ ಎಲ್ಲರ ಮನೆಯಲ್ಲೂ ಒಬ್ಬ ಇರುತ್ತಾನೆ. ಅವನಿಗೆ ಕಚೇರಿ ಕೊಟ್ಟಿದ್ದಾರೆ, ಅಷ್ಟೆ.

ಅದೇ ವರ್ಷ ಇನ್ನೊಂದು ಚಮತ್ಕಾರ ನಡೆಯಿತು. ಫೆಬ್ರವರಿಯಲ್ಲಿ ಫುಟ್‌ಬಾಲ್ ಮ್ಯಾನೇಜರ್ ಕಂಪನಿ, ಈ ಸಲದ ಆಟ ಸರಿಯಾಗಿ ತಯಾರಾಗಿಲ್ಲ ಎಂದು 25ರ ಆವೃತ್ತಿಯನ್ನೇ ರದ್ದು ಮಾಡಿತು. ನಮ್ಮ ಹುಡುಗ ಎರಡು ದಿನ ಊಟ ಬಿಟ್ಟ. ಜುಲೈನಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್‌ನವರು, ಫೆಡರೇಶನ್ ಜೊತೆಗಿನ ಒಪ್ಪಂದ ಮುಂದೆ ಏನೆಂದು ಗೊತ್ತಾಗದೆ ಹೊಸ ಸೀಸನ್ ಸದ್ಯಕ್ಕೆ ಇಲ್ಲ ಎಂದರು. ನವೆಂಬರಿನಲ್ಲಿ ಲೀಗ್ ನಡೆಸುವವರು ಯಾರಾದರೂ ಬನ್ನಿ ಎಂದು ಕರೆದ ಟೆಂಡರಿಗೆ ಒಂದೇ ಒಂದು ಬಿಡ್ ಬರಲಿಲ್ಲ. ಅಂದರೆ ಕೋಚ್ ಕೆಲಸಕ್ಕೆ 170 ಅರ್ಜಿ, ಲೀಗ್ ನಡೆಸುವ ಕೆಲಸಕ್ಕೆ ಸೊನ್ನೆ. ಹುಡುಗ ಊಟ ಬಿಟ್ಟದ್ದು ಯಾವುದಕ್ಕೆ ಎಂದು ಮೇಲೆ ಹೇಳಿದ್ದೇನೆ. ಎರಡನೆಯ ಸುದ್ದಿ ಬಂದ ದಿನ ಅವನು ಎರಡು ವಡಾಪಾವ್ ತಿಂದ.

ಆಡಲು ಲೀಗೇ ಇಲ್ಲದ ಆ ಆಗಸ್ಟಿನಲ್ಲಿ ಹೊಸ ಕೋಚ್ ಬಂದರು, ಖಾಲಿದ್ ಜಮೀಲ್. ಮುಂಬಯಿ ಫುಟ್‌ಬಾಲಿನಲ್ಲೇ ವರ್ಷಗಟ್ಟಲೆ ಬೆವರು ಸುರಿಸಿದವರು. 2017ರಲ್ಲಿ ಐಜ್ವಾಲ್‌ನಂಥ ಸಣ್ಣ ಕ್ಲಬ್ಬಿಗೆ ಐ-ಲೀಗ್ ಎಂಬ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟವರು. ಆಗಸ್ಟಿನಲ್ಲಿ ಡಬ್ಬಿಗೆ ಡಬ್ಬಿಯೇ "ಅಪ್ನಾ ಆದ್ಮಿ" ಎಂದಿತು. ಸೆಪ್ಟೆಂಬರಿನಲ್ಲಿ ಮಧ್ಯ ಏಷ್ಯಾದ ಟೂರ್ನಿಯಲ್ಲಿ ಓಮನ್‌ನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದಾಗ ಹೀರೋ. ಅಕ್ಟೋಬರ್ 14ರಂದು ಗೋವಾದ ಫಾತೋರ್ಡಾದಲ್ಲಿ ಸಿಂಗಾಪುರದೆದುರು 1-2ರಿಂದ ಸೋತು ಏಷ್ಯನ್ ಕಪ್ ಬಾಗಿಲು ಮುಚ್ಚಿದಾಗ, ಹುಡುಗ ಸ್ವಿಚ್‌ನಿಂದ ಕಣ್ಣೆತ್ತದೆ ಹೇಳಿದ: "ಟೈಮ್ ಆಯ್ತು ಅಂಕಲ್. ಚೇಂಜ್ ಮಾಡ್ಬೇಕು."

ಮಾಸ್ತರು ಅಲ್ಲಿಯವರೆಗೆ ಪೇಪರ್ ಹಿಂದೆ ಇದ್ದರು. ಪೇಪರ್ ಮಡಚಿದರು. "ಅಲ್ಲೋ ತಮ್ಮಾ, 1956ರಾಗ ಮೆಲ್ಬರ್ನ್ ಒಲಿಂಪಿಕ್ಸ್‌ನ್ಯಾಗ ನಾವು ನಾಲ್ಕನೇ ನಂಬರು. 1962ರಾಗ ಜಕಾರ್ತಾದಾಗ ಏಷ್ಯನ್ ಗೇಮ್ಸ್ ಬಂಗಾರ. ಎರಡಕ್ಕೂ ಕೋಚ್ ಯಾರು? ಒಬ್ಬರೇ. ಸಯ್ಯದ್ ಅಬ್ದುಲ್ ರಹೀಮ್. ಹೈದರಾಬಾದಿನ ಸಾಲಿ ಮಾಸ್ತರು!" ಕೊನೆಯ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. "ಲೀಗ್ ಇಲ್ಲ, ಮೈದಾನ ಇಲ್ಲ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕ್ತೀರಿ."

"ಬರೆ ಹಾಕಲೇಬೇಕು ಮಾಸ್ತ್ರೇ" ಎಂದರು ಶೆಟ್ರು. "ಎತ್ತು ರೇಟು ಜಾಸ್ತಿ."

ಇದು ಶೆಟ್ರ ಅನುಭವದ ಮಾತು. ಕಳೆದ ತಿಂಗಳು ಅವರ ಹೋಟೆಲಿನಲ್ಲಿ ವ್ಯಾಪಾರ ಬಿದ್ದಿತ್ತು. ಎದುರಿನ ರಸ್ತೆಯನ್ನು ಕಾಂಕ್ರೀಟ್ ಮಾಡಲೆಂದು ಅಗೆದು ಹಾಕಿದ್ದಾರೆ, ಗಿರಾಕಿಗಳು ಹಲಗೆಯ ಮೇಲೆ ಸರ್ಕಸ್ ಮಾಡಿಕೊಂಡು ಒಳಗೆ ಬರಬೇಕು. ಗ್ರೈಂಡರ್ ಹಳತಾಗಿದೆ. ಬಾಡಿಗೆ ಏರಿದೆ. ಶೆಟ್ರು ಮೂರು ರಾತ್ರಿ ಯೋಚಿಸಿ ಸಾಂಬಾರಿನಲ್ಲಿ ದೋಷ ಕಂಡುಹಿಡಿದರು. ಹದಿನೆಂಟು ವರ್ಷದಿಂದ ಇದ್ದ ಅಡಿಗೆ ಭಟ್ರನ್ನು ಕಳಿಸಿದರು. ರಸ್ತೆ ಇನ್ನೂ ಅಗೆದೇ ಇದೆ.

ಮುಲುಂಡ್ ದಾಟುವಾಗ ಹುಡುಗ ಒಮ್ಮೆಗೇ "ಅಯ್ಯೋ" ಎಂದ. ಠಾಣೆಯ ನೂಕುನುಗ್ಗಲಿನಲ್ಲಿ ಸೇವ್ ಮಾಡುವುದು ಮರೆತಿದ್ದ. ತುಂಬ ಹಿಂದಿನಿಂದಲೇ ಮರೆತಿದ್ದ. ಸಾಲಾಗಿ ಐದು ಸೋಲು. ಈಗ ಪರದೆಯ ಮೇಲೆ ಕ್ಲಬ್ಬಿನವರ ಸಂದೇಶ ಬಂದಿದೆ: ನಿಮ್ಮನ್ನು ಹುದ್ದೆಯಿಂದ ತೆಗೆದಿದ್ದೇವೆ.

ಆರು ಸಲ ಚಾಂಪಿಯನ್. ಡಬ್ಬಿಯಲ್ಲಿ ಒಂದು ಕ್ಷಣ ಮೌನ. ಹನ್ನೆರಡು ಪ್ರೇಕ್ಷಕರಲ್ಲಿ ಒಬ್ಬ ಹಿಂದಿನಿಂದ, "ಸಹೀ ಕಿಯಾ" ಎಂದ.

"ಸರಿ ಹೇಗೆ ಅಂಕಲ್?" ಹುಡುಗನ ಧ್ವನಿ ನಡುಗುತ್ತಿತ್ತು. "ಮೂರು ಜನ ಇಂಜುರಿ. ಹೊಸ ಪ್ಲೇಯರ್ ತಗೋಳೋಕೆ ದುಡ್ಡೇ ಕೊಟ್ಟಿಲ್ಲ. ಸ್ವಲ್ಪ ಟೈಮ್ ಕೊಡಬೇಕಿತ್ತು. ಒಬ್ಬ ಕೋಚ್ ಏನು ಮಾಡ್ತಾನೆ?"

ಮಾಸ್ತರು ಪೇಪರ್ ಮತ್ತೆ ಬಿಚ್ಚಿದರು. ಅದು ತಲೆಕೆಳಗಾಗಿತ್ತು. ಅವರ ಭುಜ ಮಾತ್ರ ಕುಲುಕುತ್ತಿತ್ತು.

ಕುರ್ಲಾ ದಾಟುತ್ತಿದ್ದಂತೆ ಶೆಟ್ರ ಫೋನ್ ಬಂತು. ಕೇಳುತ್ತಾ ಕೇಳುತ್ತಾ ಮುಖ ಸಣ್ಣದಾಯಿತು. ಹೊಸ ಭಟ್ರು ಬೆಳಿಗ್ಗೆ ಐದಕ್ಕೇ ಬ್ಯಾಗು ಹಿಡಿದು ಹೋಗಿದ್ದಾರೆ. ಕೌಂಟರಿನಲ್ಲಿ ಆರು ಪ್ಲೇಟ್ ಇಡ್ಲಿಯ ಆರ್ಡರ್ ನಿಂತಿದೆ, ಸಾಂಬಾರು ಕುದಿದೇ ಇಲ್ಲ. ಶೆಟ್ರು ಫೋನ್ ಜೇಬಿಗಿಟ್ಟು ನಮ್ಮ ಕಡೆ ತಿರುಗಿದರು.

"ನಮ್ಮ ಹಳೇ ಭಟ್ರು ಈಗ ಎಲ್ಲಿದ್ದಾರೆ, ಯಾರಿಗಾದರೂ ಗೊತ್ತುಂಟಾ?"

ದಾದರ್ ಬಂತು. ಜನ ಬಾಗಿಲಿಗೆ ನುಗ್ಗಿದರು. "ಚಲಾ, ಪುಢೆ ಚಲಾ" ಎನ್ನುವ ಗದ್ದಲದ ನಡುವೆ, ಆರತಿಯ ಹಾಗೆ ಸ್ವಿಚ್ ಎತ್ತಿ ಹಿಡಿದ ಹುಡುಗ ಕೇಳಿದ:

"ಕಳಿಸೋ ಮುಂಚೆ ಸೇವ್ ಮಾಡಿದ್ರಾ, ಅಂಕಲ್?"