ಹೊಸಬರ ಡರ್ಟ್ ರೇಸಿಗೆ ರೋಲ್ ಕೇಜ್ ಬೇಕೇ ಬೇಕು

ಡರ್ಟ್ ರೇಸ್, ಅಂದ್ರೆ ಮಣ್ಣಿನ ಟ್ರ್ಯಾಕಿನ ಕಾರ್ ರೇಸಿನ ಬಗ್ಗೆ 'ಹೊಸಬರ ಕ್ಲಾಸಿಗೆ (ರೇಸಿನ ವಿಭಾಗಕ್ಕೆ) ಯಾವ ಹಳೇ ಕಾರಾದ್ರೂ ಸಾಕು, ರೋಲ್ ಕೇಜ್ ಬೇಡ' ಅನ್ನೋ ಮೆಸೇಜ್ ಓಡಾಡ್ತಿದೆ. ಇದು ತಪ್ಪು. ರೋಲ್ ಕೇಜ್ ಅಂದ್ರೆ ಕಾರು ಪಲ್ಟಿಯಾದ್ರೂ ಡ್ರೈವರ್ ಜಜ್ಜಿಹೋಗದ ಹಾಗೆ ಕಾರಿನೊಳಗೆ ಕೂರಿಸೋ ಪೈಪಿನ ಚೌಕಟ್ಟು.

ಹಳೇ ಕಾರು ಅನ್ನೋದು ನಿಜ. ಅಮೆರಿಕದ ರೇಸ್ ಸಂಸ್ಥೆ ಐಎಂಸಿಎಯ ಸ್ಪೋರ್ಟ್ ಕಾಂಪ್ಯಾಕ್ಟ್‌ನಂಥ ಕ್ಲಾಸುಗಳಲ್ಲಿ ನಾಲ್ಕು ಸಿಲಿಂಡರಿನ, ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಸಣ್ಣ ಕಾರುಗಳು ಓಡುತ್ತವೆ. ಎಂಜಿನ್, ಸಸ್ಪೆನ್ಷನ್ ಕಂಪನಿಯಿಂದ ಬಂದ ಹಾಗೇ ಇರಬೇಕು ಅನ್ನೋ ನಿಯಮದಿಂದಲೇ ಖರ್ಚು ಕಡಿಮೆ, ದುಡ್ಡು ಸುರಿದು ಗೆಲ್ಲೋಕೂ ಆಗಲ್ಲ, ಹೊಸಬರಿಗೆ ಇದಕ್ಕಿಂತ ಒಳ್ಳೆ ಬಾಗಿಲಿಲ್ಲ ಅಂತ ನನಗನ್ನಿಸುತ್ತೆ. ಆದರೆ ಸುರಕ್ಷತೆಯಲ್ಲಿ ರಿಯಾಯಿತಿ ಇಲ್ಲ. ಗಾಜು ತೆಗೆದಿರಬೇಕು. ಉಕ್ಕಿನ ಪೈಪಿನ ಕೇಜ್, ಭುಜ-ಸೊಂಟ ಎರಡನ್ನೂ ಬಿಗಿಯುವ ಹಾರ್ನೆಸ್, ಹೆಲ್ಮೆಟ್ ಬೇಕು. ಇದು ಐಎಂಸಿಎ ನಿಯಮ ಪುಸ್ತಕದಲ್ಲೇ ಇದೆ.

ಟ್ರ್ಯಾಕಿಂದ ಟ್ರ್ಯಾಕಿಗೆ ವಿವರ ಬದಲಾಗುತ್ತೆ, ಹಾಗಾಗಿ ಕಾರು ಕೊಳ್ಳೋ ಮುಂಚೆ ನಿಮ್ಮ ಟ್ರ್ಯಾಕಿನ ನಿಯಮ ಓದಿ. ಆ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ.