ಬೀಜೋಪಚಾರದ ಡ್ರಮ್ಮು ಪ್ರತಿ ರೈತನ ಮನೆಯಲ್ಲೂ ಇರಬೇಕೇ?

ಬಿತ್ತುವ ಮುಂಚೆ ಬೀಜಕ್ಕೆ ಔಷಧಿ ಹಚ್ಚುವುದೇ ಬೀಜೋಪಚಾರ. ಬೀಜ, ಔಷಧಿ ಎರಡನ್ನೂ ಹಾಕಿ, ಮುಚ್ಚಿ, ತಿರುಗಿಸಿ ಕಲಸುವ ಬ್ಯಾರೆಲ್ಲೇ ಅದರ ಡ್ರಮ್ಮು.

ಪರ: ಬಿತ್ತುವ ದಿನ ಕೈಗೆ ಸಿಗಬೇಕು

ಕಲಬುರಗಿ, ಬೀದರ, ಯಾದಗಿರಿ ಕಡೆಯ ತೊಗರಿ ಬೆಳೆಗಾರರಿಗೆ ಗಿಡವನ್ನೇ ಒಣಗಿಸುವ ನೆಟೆ ರೋಗ ಹೊಸದಲ್ಲ. ಚಳ್ಳಕೆರೆ, ಪಾವಗಡದ ಶೇಂಗಾ ಬೆಳೆಗಾರರಿಗೆ ಕತ್ತು ಕೊಳೆಯೂ ಹೊಸದಲ್ಲ. ಎರಡಕ್ಕೂ ಮಣ್ಣಿನಲ್ಲಿ ಉಳಿಯುವ ಶಿಲೀಂಧ್ರವೇ ಕಾರಣ. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾದ ಪುಡಿಯನ್ನು ಕೆಜಿ ಬೀಜಕ್ಕೆ 4 ಗ್ರಾಂ ಹಚ್ಚಿ ಎಂದು ಎಲ್ಲರೂ ಹೇಳುತ್ತಾರೆ. ಆ 4 ಗ್ರಾಂ ಪ್ರತಿ ಕಾಳಿಗೂ ಸಮನಾಗಿ ತಲುಪುವುದು ಹೇಗೆಂದು ಕೇಳಿದರೆ ಮಾತ್ರ ಉತ್ತರ ಸಿಗುವುದಿಲ್ಲ. ತಾಡಪತ್ರಿಯ ಮೇಲೆ ಬೀಜ ಸುರುವಿ, ಪುಡಿ ಉದುರಿಸಿ, ಕೈಯಿಂದ ಕಲಸುವುದೇ ಇಂದಿಗೂ ರೂಢಿ. ಮೇಲಿನ ಕಾಳಿಗೆ ಎರಡು ಪಟ್ಟು ಅಂಟುತ್ತದೆ, ಅಡಿಯದು ಹಾಗೇ ಕೂರಿಗೆಗೆ ಹೋಗುತ್ತದೆ. ಔಷಧಿ ತಾಗದ ಕಾಳು ಕೊಳೆಯುತ್ತದೆ. ಕೀಟನಾಶಕ ಅಳತೆ ಮೀರಿ ಅಂಟಿದ ಕಾಳಿನ ಮೊಳಕೆ ಕುಂಠಿತವಾಗುತ್ತದೆ. ಹೊಲದಲ್ಲಿ ಅಲ್ಲಲ್ಲಿ ಬೀಳುವ ಖಾಲಿ ಜಾಗಕ್ಕೆ ಮಳೆಯನ್ನೋ ಬೀಜದಂಗಡಿಯನ್ನೋ ದೂರುವವರು ಮೊದಲು ತಮ್ಮ ತಾಡಪತ್ರಿಯನ್ನು ನೋಡಬೇಕು.

ಹಿಂಗಾರಿ ಜೋಳದ ಕಾಳನ್ನು ಕಪ್ಪು ಪುಡಿಯಾಗಿಸುವ ಕಾಡಿಗೆ ರೋಗಕ್ಕೆ ಕೆಜಿಗೆ 4 ಗ್ರಾಂ ಗಂಧಕದ ಪುಡಿ ಹಚ್ಚುವಾಗಲಂತೂ ಬಯಲಿನ ಗಾಳಿಯಲ್ಲಿ ಅರ್ಧ ಪುಡಿ ಕಲಸುವವರ ಕಣ್ಣು ಮೂಗಿಗೇ ಹೋಗುತ್ತದೆ. ಮುಚ್ಚಿದ ಡ್ರಮ್ಮಿನಲ್ಲಿ ಈ ತೊಂದರೆಯಿಲ್ಲ.

ಡ್ರಮ್ಮು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. 200 ಲೀಟರಿನ ಬ್ಯಾರೆಲ್ ತೆಗೆದುಕೊಳ್ಳಿ. ರಾಸಾಯನಿಕ ತುಂಬಿದ್ದ ಬ್ಯಾರೆಲ್ ಬೇಡ. ಎಣ್ಣೆಯದಾದರೆ ಜಿಡ್ಡು ಪೂರ್ತಿ ಹೋಗುವಂತೆ ತೊಳೆಸಿ. ಡ್ರಮ್ಮು ತಿರುಗುವ ಅಚ್ಚನ್ನು ನೇರ ನಡುವೆ ಕೂರಿಸದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಕೂರಿಸಬೇಕು. ಆಗ ಬೀಜ ಉರುಳುವುದರ ಜೊತೆಗೆ ಒಂದು ತುದಿಯಿಂದ ಇನ್ನೊಂದು ತುದಿಗೂ ಸರಿದಾಡುತ್ತದೆ. ಅಚ್ಚಿನ ಪೈಪು ಒಳಗೆ ಹಾಯದಂತೆ ಎರಡೂ ಹೊರಮೈಗೆ ಫ್ಲೇಂಜ್ (ಪೈಪು ಹಿಡಿಯುವ ತಟ್ಟೆ) ಬೆಸೆಸಿದರೆ ತೊಳೆಯುವುದು ಸುಲಭ. ಒಳಗೆ ಎರಡು ಇಂಚು ಎತ್ತರದ ಮೂರು ಪಟ್ಟಿ ಇರಲಿ, ಅಂಚು ಮಡಚಿರಲಿ. ಚೂಪು ಅಂಚಿಗೆ ತಾಗಿದ ಶೇಂಗಾ ಬೀಜದ ಸಿಪ್ಪೆ ಸುಲಿಯುತ್ತದೆ, ಬೀಜ ಇಬ್ಭಾಗವಾದರೆ ಮೊಳೆಯುವುದೇ ಇಲ್ಲ.

ಒಂದು ಸಲಕ್ಕೆ 30 ಕೆಜಿ ಹಾಕಿ. ಅರ್ಧ ಡ್ರಮ್ಮು ಮೀರಿದರೆ ಬೀಜ ಉರುಳದೆ ಒಂದೇ ರಾಶಿಯಾಗಿ ಸುತ್ತುತ್ತದೆ. ಪುಡಿ ಅಂಟಲು ಹಾಕುವ ಬೆಲ್ಲದ ನೀರು ಕೆಜಿಗೆ 10 ಮಿಲಿ ದಾಟಬಾರದು, ಶೇಂಗಾಕ್ಕೆ ಇನ್ನೂ ಕಡಿಮೆ. ನೀರು ಹೆಚ್ಚಾದರೆ ಸಿಪ್ಪೆ ಸುಕ್ಕುಗಟ್ಟಿ ಬಿಟ್ಟುಕೊಳ್ಳುತ್ತದೆ. ಮೊದಲು ಬೆಲ್ಲದ ನೀರು ಹಾಕಿ ಒಂದು ನಿಮಿಷ ತಿರುಗಿಸಿ, ಆಮೇಲೆ 120 ಗ್ರಾಂ ಟ್ರೈಕೋಡರ್ಮಾ ಹಾಕಿ ಮೂರು ನಿಮಿಷ. ನಿಮಿಷಕ್ಕೆ 20–25 ಸುತ್ತು ಸಾಕು. ಜೋರಾಗಿ ತಿರುಗಿಸಿದರೆ ಬೀಜ ಗೋಡೆಗೆ ಒತ್ತಿಕೊಂಡು ಕಲಸುವುದೇ ಕಡಿಮೆಯಾಗುತ್ತದೆ.

ಮನೆಯಲ್ಲೇ ಯಾಕೆ ಎಂದರೆ, ಬೇರಿನ ಗಂಟಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ಜೀವಾಣು ರೈಜೋಬಿಯಂ ಕಾಯುವುದಿಲ್ಲ. ಕಡಲೆಗೋ ತೊಗರಿಗೋ 10 ಕೆಜಿಗೆ 200 ಗ್ರಾಂ ಪ್ಯಾಕೆಟ್ ಹಚ್ಚಿ, ನೆರಳಲ್ಲಿ ಆರಿಸಿ, ಅಂದೇ ಬಿತ್ತಬೇಕು. ಬಿಸಿಲು ಬಿದ್ದರೆ ಜೀವಾಣು ಸಾಯುತ್ತವೆ. ಹದ ಮಳೆ ಬಿದ್ದ ಮರುದಿನ ಇಡೀ ಊರು ಒಟ್ಟಿಗೇ ಬಿತ್ತನೆಗೆ ಇಳಿಯುತ್ತದೆ. ಆ ದಿನ ಊರಿನ ಒಂದೇ ಡ್ರಮ್ಮಿನ ಮುಂದೆ ಸರತಿ ನಿಲ್ಲುವುದೆಂದರೆ ಹದ ಕಳೆದುಕೊಳ್ಳುವುದು. ಕಪ್ಪು ಮಣ್ಣು ಎರಡು ದಿನ ತಡೆದರೂ ಚಳ್ಳಕೆರೆಯ ಕೆಂಪು ಮಣ್ಣು ತಡೆಯುವುದಿಲ್ಲ.

ವಿಷ ತಾಗಿದ ಸಾಮಾನು ಮನೆಯಲ್ಲಿ ಬೇಡ ಎನ್ನುವವರಿದ್ದಾರೆ. ಹಾಗಾದರೆ ಬೆನ್ನಿಗೆ ಕಟ್ಟುವ ಸ್ಪ್ರೇಯರನ್ನು ಅವರು ಎಲ್ಲಿಡುತ್ತಾರೆ?

ನಿಗಾ ಮಾಡುವುದು ಕಷ್ಟವೂ ಅಲ್ಲ. ಕೆಲಸ ಮುಗಿದ ಮೇಲೆ ಎರಡು ಕೆಜಿ ಒಣ ಮರಳು ಹಾಕಿ ಎರಡು ನಿಮಿಷ ತಿರುಗಿಸಿ. ಮೂಲೆಯ ಪುಡಿ ಅದಕ್ಕೇ ಅಂಟಿ ಬರುತ್ತದೆ. ಆಮೇಲೆ ಎರಡೆರಡು ಲೀಟರ್ ನೀರಲ್ಲಿ ಮೂರು ಸಲ ಗಲಬರಿಸಿ. ಆ ಮರಳು, ಆ ನೀರು ಬಾವಿ, ಕೆರೆ, ದನದ ತೊಟ್ಟಿಯ ಹತ್ತಿರ ಬೇಡ, ಬಿತ್ತುವ ಹೊಲಕ್ಕೇ ಹಾಕಿ. ಮುಚ್ಚಳ ತೆಗೆದು ಬಾಯಿ ಕೆಳಗೆ ಮಾಡಿ ಆರಿಸಿ. ಹಸಿಯಿದ್ದಾಗ ಮುಚ್ಚಿಟ್ಟರೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಚಕ್ಕೆ ಮುಂದಿನ ವರ್ಷ ಬೀಜವನ್ನು ಕೆರೆಯುತ್ತದೆ. ಮುಚ್ಚಳದ ರಬ್ಬರ್ ವಾಸರು ಬೇಸಿಗೆಯಲ್ಲಿ ಗಟ್ಟಿಯಾಗಿ ಸೀಳುತ್ತದೆ, ಮುಂಗಾರಿಗೆ ಮುಂಚೆಯೇ ಬದಲಿಸಿ. ಅಚ್ಚು ಓರೆಯಿರುವುದರಿಂದ ಭಾರ ಒಂದೇ ಕಡೆ ಬಡಿದು ನಟ್ಟು ಬೋಲ್ಟು ಸಡಿಲುತ್ತವೆ. ಪ್ರತಿ ದಿನ ಕೆಲಸಕ್ಕೆ ಮುಂಚೆ ಸ್ಪ್ಯಾನರ್ ಹಾಕಿ ಬಿಗಿಸಿ, ಅಚ್ಚು ತಿರುಗುವ ಬುಷ್‌ಗೆ ಗ್ರೀಸ್ ಹಚ್ಚಿ. ರಾಸಾಯನಿಕ ಶಿಲೀಂಧ್ರನಾಶಕವಾದ ಕಾರ್ಬೆಂಡಜಿಂ ಬಳಸಿದ ಡ್ರಮ್ಮಿನಲ್ಲಿ ಟ್ರೈಕೋಡರ್ಮಾ ಕಲಸಬೇಡಿ. ಉಳಿದ ಪುಡಿಯೇ ಅದನ್ನು ಕೊಲ್ಲುತ್ತದೆ.

ವಿರೋಧ: ನಾಲ್ಕೆಕರೆಗೆ ಚೀಲ ಸಾಕು

ಡ್ರಮ್ಮು ಒಳ್ಳೆಯ ಉಪಕರಣ, ಅದರಲ್ಲಿ ತಕರಾರಿಲ್ಲ. ಅದು ಪ್ರತಿ ಮನೆಗೂ ಬೇಕು ಎಂಬುದಕ್ಕಷ್ಟೇ ಈ ವಿರೋಧ.

ತೊಗರಿಗೆ ಎಕರೆಗೆ ಸುಮಾರು 5 ಕೆಜಿ ಬೀಜ ಬೇಕು. ನಾಲ್ಕೆಕರೆಯವನಿಗೆ 20 ಕೆಜಿ. ಗಟ್ಟಿ ಪ್ಲಾಸ್ಟಿಕ್ ಚೀಲದ ಮೂರನೇ ಒಂದು ಭಾಗ ಬೀಜ ತುಂಬಿ, ಬೆಲ್ಲದ ನೀರು, ಪುಡಿ ಹಾಕಿ, ಒಳಗೆ ಗಾಳಿ ನಿಲ್ಲುವಂತೆ ಬಾಯಿ ತಿರುಚಿ ಹಿಡಿದು ಎರಡು ನಿಮಿಷ ಕುಲುಕಿದರೆ ಪ್ರತಿ ಕಾಳಿಗೂ ಪುಡಿ ಅಂಟುತ್ತದೆ. 5 ಕೆಜಿಯಂತೆ ನಾಲ್ಕು ಸಲ ಮಾಡಿದರೆ ಕೆಲಸ ಮುಗಿಯಿತು. ತಾಡಪತ್ರಿಯಲ್ಲಿ ಕಲಸುವುದನ್ನು ಯಾರೂ ಸಮರ್ಥಿಸುತ್ತಿಲ್ಲ. ರೈಜೋಬಿಯಂ ಹಚ್ಚಲೂ ಇದೇ ಚೀಲ ಸಾಕು.

ದೊಡ್ಡ ಆತಂಕ ಬೇರೆಯದು. ವರ್ಷಕ್ಕೆ ಮೂರು ದಿನ ಬಳಸುವ, ಬಿಗಿ ಮುಚ್ಚಳದ ಕಬ್ಬಿಣದ ಡ್ರಮ್ಮು ಉಳಿದ ದಿನಗಳಲ್ಲಿ ಖಾಲಿ ಇರುವುದಿಲ್ಲ. ಹಳ್ಳಿಮನೆಯಲ್ಲಿ ಇಲಿ ಹೋಗದ ಪಾತ್ರೆಯೆಂದರೆ ಕಾಳು ತುಂಬುವ ಪಾತ್ರೆ. ಮೂರು ಸಲ ಗಲಬರಿಸಿದರೂ ಪಟ್ಟಿಯ ಸಂದಿಯಲ್ಲಿ, ಬೆಸುಗೆಯ ಗೆರೆಯಲ್ಲಿ ಪುಡಿ ಉಳಿಯುತ್ತದೆ. ಟ್ರೈಕೋಡರ್ಮಾ ಸಾಯುವಷ್ಟು ಉಳಿಯುತ್ತದೆಂದು ಪರ ಬರೆದವರೇ ಒಪ್ಪಿದ್ದಾರೆ. ಸ್ಪ್ರೇಯರಿನಲ್ಲಿ ಯಾರೂ ಜೋಳ ತುಂಬಿಡುವುದಿಲ್ಲ.

ಮಿಕ್ಕ ಬೀಜದ್ದೂ ಇದೇ ಸಮಸ್ಯೆ. ಮಾರಾಟದ ಉಪಚರಿಸಿದ ಬೀಜಕ್ಕೆ ಬಣ್ಣವಿರುತ್ತದೆ, ಆಹಾರಕ್ಕೂ ಮೇವಿಗೂ ಬಳಸಬಾರದು ಎಂಬ ಎಚ್ಚರಿಕೆ ಚೀಲದ ಮೇಲಿರುತ್ತದೆ. ಮನೆಯಲ್ಲಿ ಹಚ್ಚಿದ್ದಕ್ಕೆ ಎರಡೂ ಇಲ್ಲ. 30 ಕೆಜಿ ಒಟ್ಟಿಗೆ ಉಪಚರಿಸಿ, ಮಳೆ ಕೈಕೊಟ್ಟು 8 ಕೆಜಿ ಉಳಿದರೆ ಅದು ಕೋಳಿಗೆ ಹೋಗಬಹುದು, ಬೇಳೆಗೂ ಹೋಗಬಹುದು. ಇದು ಡ್ರಮ್ಮಿನ ದೋಷವಲ್ಲ, ದೊಡ್ಡ ಡ್ರಮ್ಮು ಮೂಡಿಸುವ ರೂಢಿಯ ದೋಷ.

ಡ್ರಮ್ಮು ತಾನಾಗಿ ಅಳೆಯುವುದೂ ಇಲ್ಲ. 10 ಗ್ರಾಂ ತೋರಿಸದ ತಕ್ಕಡಿಯಲ್ಲಿ ತೂಗಿ, ಬಾಟಲಿ ಮುಚ್ಚಳದಲ್ಲಿ ಮಿಲಿ ಅಳೆದು ಎಷ್ಟು ಸಮವಾಗಿ ಕಲಸಿದರೇನು, ತಪ್ಪು ಪ್ರಮಾಣವೇ ಸಮವಾಗಿ ಹರಡುತ್ತದೆ. ಡ್ರಮ್ಮಿನ ದುಡ್ಡಿನಲ್ಲಿ ಮೊದಲು ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಅಳತೆಯ ಸಿರಿಂಜು, ಕೈಗವಸು, ಮಾಸ್ಕ್ ತರುವುದು ಲೇಸು.

ಶೇಂಗಾದ ಲೆಕ್ಕ ಬೇರೆ ಎಂಬುದನ್ನು ಒಪ್ಪಬೇಕು. ಎಕರೆಗೆ ಸುಮಾರು 50 ಕೆಜಿ ಬೀಜ ಬೇಕಾದಾಗ ಚೀಲ ಕುಲುಕಿ ಮುಗಿಯುವುದಿಲ್ಲ. ಅಲ್ಲಿ ನಾಲ್ಕೈದು ಮನೆಗೆ ಒಂದು ಡ್ರಮ್ಮು ಇರಲಿ. ರೈತ ಉತ್ಪಾದಕ ಸಂಸ್ಥೆಯೋ ಕೃಷಿ ಯಂತ್ರಧಾರೆ ಕೇಂದ್ರವೋ ಇಟ್ಟು, ತೊಳೆದು, ಬಾಡಿಗೆಗೆ ಕೊಡಲಿ. ರಾಸಾಯನಿಕಕ್ಕೆ ಕೆಂಪು ಬಣ್ಣದ ಡ್ರಮ್ಮು, ಜೈವಿಕಕ್ಕೆ ಹಸಿರು ಬಣ್ಣದ್ದು ಎಂದು ಎರಡು ಇಡುವುದು ಸಂಸ್ಥೆಗೆ ಸಾಧ್ಯ, ಒಂಟಿ ರೈತನಿಗೆ ಕಷ್ಟ. ಶಿಲೀಂಧ್ರನಾಶಕವನ್ನು ವಾರ ಮುಂಚೆಯೇ ಹಚ್ಚಿಟ್ಟುಕೊಳ್ಳಬಹುದು, ಮಳೆಯ ದಿನದ ಸರತಿ ಅಷ್ಟರಮಟ್ಟಿಗೆ ತಗ್ಗುತ್ತದೆ. ಹಾಗೆ ಹಚ್ಚಿದ ಚೀಲಕ್ಕೆ ಔಷಧಿಯ ಹೆಸರು, ತಾರೀಖು ಬರೆದ ಚೀಟಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಕಾಳಿನ ಕೋಣೆಯಿಂದ ಬೇರೆಯಾಗಿ ಇಡಬೇಕು.